ಕಡಲ ತಡಿಗೆ ಬೇಕಾದ ಅಧ್ಯಾಪಕರು

ತಾಂತ್ರಿಕ ವಿದ್ಯಾಸಂಸ್ಥೆಯೊಂದು ಕರಾವಳಿ ಮತ್ತು ಸಾಗರ ಎಂಜಿನಿಯರಿಂಗ್ ವಿಷಯಕ್ಕೆ ಅಧ್ಯಾಪಕ ಹುದ್ದೆಯನ್ನು ಪ್ರಕಟಿಸಿದಾಗ, ಆ ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಪಿಎಚ್‌ಡಿ ಪದವಿ, ಹಿಂದಿನ ಪದವಿಗಳಲ್ಲಿ ಪ್ರಥಮ ದರ್ಜೆ, ಸಂಶೋಧನಾ ಪ್ರಬಂಧಗಳು, ಬೋಧನೆಯ ಅನುಭವ ಎಂಬ ನಾಲ್ಕಾರು ಅರ್ಹತೆಗಳೂ, ಅವುಗಳ ಕೆಳಗೆ ಅಲೆಗಳ ಚಲನಶಾಸ್ತ್ರ, ಮರಳಿನ ಸಾಗಣೆ, ಬಂದರಿನ ರಚನೆಗಳು, ನಡುಗಡಲಿನ ಕಟ್ಟಡಗಳು, ಕಂಪ್ಯೂಟರ್ ಮಾದರಿಗಳು ಎಂದು ಪರಿಣತಿಯ ಕ್ಷೇತ್ರಗಳೂ ಇರುತ್ತವೆ. ಹೊರಗಿನಿಂದ ನೋಡಿದವರಿಗೆ ಇದು ಸಿವಿಲ್ ಎಂಜಿನಿಯರಿಂಗಿನ ಹತ್ತಾರು ಕವಲುಗಳಲ್ಲಿ ಒಂದಾಗಿ ಕಾಣುವುದು ಸಹಜವೇ. ಆದರೆ ಸೇತುವೆಯ ಲೆಕ್ಕಾಚಾರದಲ್ಲಾದ ತಪ್ಪು ಆ ಸೇತುವೆಯಲ್ಲಿಯೇ ಬಯಲಾದರೆ, ನದಿಯ ಅಳಿವೆಬಾಗಿಲಿನಲ್ಲಿ ಕಟ್ಟಿದ ಕಲ್ಲಿನ ದಂಡೆಯ ತಪ್ಪು ಹತ್ತಿಪ್ಪತ್ತು ವರ್ಷ ಕಳೆದ ಮೇಲೆ, ಎಷ್ಟೋ ಕಿಲೋಮೀಟರ್ ಆಚೆಯ ಮೀನುಗಾರರ ಅಂಗಳದಲ್ಲಿ ಬಯಲಾಗುತ್ತದೆ. ಅಷ್ಟು ಹೊತ್ತಿಗೆ ಗುತ್ತಿಗೆದಾರರು ಬಿಲ್ಲು ಪಡೆದು ಹೋಗಿರುತ್ತಾರೆ, ಯೋಜನೆಯ ವರದಿ ಬರೆದ ಸಲಹಾ ಸಂಸ್ಥೆ ಬೇರೆ ಕಡಲಿನ ಕೆಲಸ ಹಿಡಿದಿರುತ್ತದೆ, ಅಂದಿನ ಅಧಿಕಾರಿಗಳು ವರ್ಗವಾಗಿಯೋ ನಿವೃತ್ತರಾಗಿಯೋ ಇರುತ್ತಾರೆ. ಒಂದೇ ತಡಿಯನ್ನು ಮೂವತ್ತು ವರ್ಷ ಬಿಡದೆ ನೋಡುವ ಅವಕಾಶ ಇಂದಿನ ವ್ಯವಸ್ಥೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ವಿದ್ಯಾಸಂಸ್ಥೆಯ ಕಾಯಂ ಅಧ್ಯಾಪಕರಿಗೆ ಮಾತ್ರ. ಈ ಹುದ್ದೆಯ ನಿಜವಾದ ಬೆಲೆ ಇರುವುದು ಆ ಅವಕಾಶದಲ್ಲಿ.

ಕಡಲಿನ ಅಲೆಗೆ ಗಣಿತದ ರೂಪ ಕೊಡುವ ಕೆಲಸ 19ನೆಯ ಶತಮಾನದಲ್ಲಿಯೇ ಆಗಿತ್ತು. ಬ್ರಿಟನ್ನಿನ ಖಗೋಳಜ್ಞ ಜಾರ್ಜ್ ಏರಿ 1841ರ ಸುಮಾರಿಗೆ ಕಡಿಮೆ ಎತ್ತರದ ಅಲೆಗಳ ಸರಳ ಸಿದ್ಧಾಂತವನ್ನು ಮಂಡಿಸಿದರೆ, ಜಾರ್ಜ್ ಸ್ಟೋಕ್ಸ್ 1847ರಲ್ಲಿ, ಎತ್ತರ ಹೆಚ್ಚಿದಂತೆ ಅಲೆಯ ನೆತ್ತಿ ಚೂಪಾಗಿ ತಗ್ಗು ಚಪ್ಪಟೆಯಾಗುವುದನ್ನು ಸಮೀಕರಣಗಳಲ್ಲಿ ವಿವರಿಸಿದರು. ಆದರೂ ಬಂದರು ಕಟ್ಟುವವರು ಬಹುಕಾಲ ಹಿಂದಿನವರ ಅನುಭವ ಮತ್ತು ಊಹೆಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದರು. ಎರಡನೆಯ ಮಹಾಯುದ್ಧದಲ್ಲಿ, ಸೈನ್ಯವನ್ನು ಶತ್ರುವಿನ ತೀರದಲ್ಲಿ ಇಳಿಸಬೇಕಾಗಿ ಬಂದಾಗ, ಮರುದಿನದ ಅಲೆ ಎಷ್ಟು ಎತ್ತರವಿರುತ್ತದೆ ಎಂಬುದು ಸಾವಿರಾರು ಜನರ ಅಳಿವು ಉಳಿವಿನ ಪ್ರಶ್ನೆಯಾಯಿತು. ಗಾಳಿಯ ವೇಗ, ಅದು ಬೀಸಿದ ಅವಧಿ, ಅದು ಹಾದುಬಂದ ನೀರಿನ ಹರವು ಎಂಬ ಮೂರು ಸಂಗತಿಗಳಿಂದ ಅಲೆಯನ್ನು ಮುಂಗಾಣುವ ವಿಧಾನವನ್ನು ಹರಾಲ್ಡ್ ಸ್ವೆರ್ಡ್ರಪ್ ಮತ್ತು ವಾಲ್ಟರ್ ಮಂಕ್ ರೂಪಿಸಿದರು, ಅದರಲ್ಲಿ ತರಬೇತಿ ಪಡೆದವರು 1944ರ ನಾರ್ಮಂಡಿ ಕಾರ್ಯಾಚರಣೆಗೆ ಮುನ್ಸೂಚನೆ ಕೊಟ್ಟರು. ಯುದ್ಧದ ಒತ್ತಡದಲ್ಲಿ ಹುಟ್ಟಿದ ಈ ಜ್ಞಾನವನ್ನೂ ಬಂದರು ಕಟ್ಟುವವರ ಹಳೆಯ ಅನುಭವವನ್ನೂ ಒಂದೆಡೆ ತರಲೆಂದು 1950ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಕರಾವಳಿ ಎಂಜಿನಿಯರಿಂಗಿನ ಮೊದಲ ಸಮ್ಮೇಳನ ನಡೆಯಿತು. ಈ ಹೆಸರಿನ ಸ್ವತಂತ್ರ ವಿದ್ಯಾಶಾಖೆಯ ಆರಂಭವನ್ನು ವಿದ್ವಾಂಸರು ಗುರುತಿಸುವುದು ಅಲ್ಲಿಂದಲೇ. ಎರಡು ವರ್ಷ ಕಳೆದ ಮೇಲೆ, 1953ರ ಜನವರಿ ಕೊನೆಯ ರಾತ್ರಿ ಉತ್ತರ ಸಮುದ್ರ ಉಕ್ಕಿ ನೆದರ್ಲೆಂಡ್ಸ್ ದೇಶವೊಂದರಲ್ಲಿಯೇ 1,836 ಜನ ಸತ್ತಾಗ, ದಂಡೆಯ ಎತ್ತರವನ್ನು ಹಿಂದೆ ಕಂಡ ಅತಿ ದೊಡ್ಡ ಪ್ರವಾಹಕ್ಕಿಂತ ಒಂದಿಷ್ಟು ಹೆಚ್ಚಾಗಿ ಇಡುವ ಪದ್ಧತಿ ಸಾಲದೆಂದೂ, ಎಷ್ಟು ವರ್ಷಕ್ಕೊಮ್ಮೆ ಬರಬಹುದಾದ ಉಬ್ಬರಕ್ಕೆ ಸಿದ್ಧರಾಗಬೇಕೆಂಬುದನ್ನು ಸಂಭಾವ್ಯತೆಯ ಲೆಕ್ಕದಿಂದ ತೀರ್ಮಾನಿಸಬೇಕೆಂದೂ ಮನವರಿಕೆಯಾಯಿತು.

ಈ ವಿದ್ಯೆಯ ತಳಹದಿ ಅಲೆಯ ಲೆಕ್ಕ. ಆಳ ಕಡಲಿನಲ್ಲಿ ಒಂದು ನೆತ್ತಿ ಹಾದುಹೋದ ಹತ್ತು ಸೆಕೆಂಡಿಗೆ ಮುಂದಿನ ನೆತ್ತಿ ಬರುವಂತಿದ್ದರೆ, ಆ ಅಲೆಯ ಉದ್ದ ಸುಮಾರು 156 ಮೀಟರ್, ಅದರ ವೇಗ ಗಂಟೆಗೆ ಸುಮಾರು 56 ಕಿಲೋಮೀಟರ್. ಮುಂದಕ್ಕೆ ಓಡುವುದು ಅಲೆಯ ಆಕಾರ ಮತ್ತು ಅದು ಹೊತ್ತ ಶಕ್ತಿ. ನೀರಿನ ಕಣಗಳಾದರೋ ಇದ್ದಲ್ಲಿಯೇ ಬಹುತೇಕ ವೃತ್ತಾಕಾರವಾಗಿ ಸುತ್ತುತ್ತವೆ, ಆ ಸುತ್ತಾಟ ಅಲೆಯ ಉದ್ದದ ಅರ್ಧದಷ್ಟು ಆಳದಲ್ಲಿ ಹೆಚ್ಚುಕಡಿಮೆ ಅಡಗಿಹೋಗುತ್ತದೆ. ದಡದ ಕಡೆಗೆ ಬರುತ್ತ ನೀರಿನ ಆಳ ಈ ಮಿತಿಗಿಂತ ಕಡಿಮೆಯಾದಾಗ ಅಲೆಗೆ ತಳದ ಅರಿವಾಗಿ ಅದರ ವೇಗ ತಗ್ಗುತ್ತದೆ, ಆಳ ಕಡಿಮೆಯಿರುವ ಕಡೆ ಹಿಂದುಳಿದು ಆಳ ಹೆಚ್ಚಿರುವ ಕಡೆ ಮುಂದೋಡುವುದರಿಂದ ಇಡೀ ಅಲೆಸಾಲು ತಿರುಗುತ್ತದೆ, ಕೊನೆಗೆ ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗದ ಆಸುಪಾಸಿಗೆ ಬಂದಾಗ ಅದು ಒಡೆಯುತ್ತದೆ. ನಿಜವಾದ ಕಡಲಿನಲ್ಲಿ ಎರಡು ಅಲೆಗಳು ಒಂದೇ ಸಮ ಇರುವುದಿಲ್ಲವಾದ್ದರಿಂದ, ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೆಯ ಒಂದು ಭಾಗವನ್ನು ಆರಿಸಿ ಅವುಗಳ ಸರಾಸರಿ ತೆಗೆಯುತ್ತಾರೆ; ಗಣನೀಯ ಅಲೆಯೆತ್ತರ ಎಂದು ಕರೆಯುವ ಈ ಅಳತೆ ಮೂರು ಮೀಟರ್ ಇದ್ದ ದಿನ, ಸಾವಿರ ಅಲೆಗಳ ನಡುವೆ ಐದೂವರೆ ಮೀಟರಿನ ಒಂದಾದರೂ ಅಲೆ ಬರುವುದನ್ನು ನಿರೀಕ್ಷಿಸಬೇಕಾಗುತ್ತದೆ. ಹವಾಮಾನ ಮುನ್ಸೂಚನೆಯಲ್ಲಿ ಮೂರು ಮೀಟರ್ ಅಲೆ ಎಂದು ಕೇಳಿ ದೋಣಿ ಇಳಿಸುವವರಿಗೆ ಈ ವ್ಯತ್ಯಾಸ ತಿಳಿದಿರಬೇಕಾದುದು ಅತ್ಯಗತ್ಯ.

ಅಲೆ ಓರೆಯಾಗಿ ಬಂದು ಒಡೆದಾಗ ಏಳುವ ಪ್ರವಾಹ ತಡಿಯ ಗುಂಟ ಮರಳನ್ನು ಒಯ್ಯುತ್ತದೆ. ಕಡಲ ತಡಿಯ ಬಹುಪಾಲು ಸಂಕಟಗಳ ಬೇರು ಈ ಸಾಗಣೆಯನ್ನು ಮರೆತು ಕಟ್ಟಿದ ರಚನೆಗಳಲ್ಲಿದೆ. ಭಾರತದ ಪೂರ್ವ ಕರಾವಳಿಯಲ್ಲಿ ವರ್ಷದ ಒಟ್ಟು ಲೆಕ್ಕದಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. 1870ರ ದಶಕದ ಉತ್ತರಾರ್ಧದಲ್ಲಿ ಮದರಾಸಿನಲ್ಲಿ ಬಂದರಿನ ಕಲ್ಲಿನ ತೋಳುಗಳು ಕಡಲಿಗೆ ಚಾಚಲಾರಂಭಿಸಿದಾಗ, ಈ ಸಾಗಣೆಗೆ ಅಡ್ಡ ಬಿದ್ದು ದಕ್ಷಿಣದ ಮಗ್ಗುಲಲ್ಲಿ ಮರಳು ನಿಲ್ಲತೊಡಗಿತು, ಇಂದು ಲಕ್ಷಾಂತರ ಜನ ಓಡಾಡುವ ಮರೀನಾ ಬೀಚಿನ ಅಗಲ ಹೆಚ್ಚಿದ್ದು ಹಾಗೆ. ಉತ್ತರದ ಮಗ್ಗುಲಿಗೆ ಬರಬೇಕಾದ ಮರಳು ಬಾರದೆ ರಾಯಪುರಂ ಕಡೆ ಕಡಲು ಊರನ್ನೇ ತಿನ್ನುತ್ತ ಬಂದು, ಅಲ್ಲಿ ಕಲ್ಲು ಸುರಿಯುವುದು ತಲೆಮಾರುಗಳ ಕೆಲಸವಾಯಿತು. ಜಗತ್ತಿನ ಹಲವು ಪಠ್ಯಪುಸ್ತಕಗಳಲ್ಲಿ ಸೇರಿದ ಈ ಉದಾಹರಣೆ ಕಣ್ಣ ಮುಂದೆ ಇದ್ದರೂ, ಅದಾಗಿ ನೂರು ವರ್ಷದ ನಂತರ, 1980ರ ದಶಕದ ಕೊನೆಯಲ್ಲಿ, ಪುದುಚೇರಿಯ ಅಳಿವೆಯಲ್ಲಿ ಕಟ್ಟಿದ ಬಂದರಿನ ದಂಡೆಗಳಿಂದ ಆ ನಗರದ ಮುಂದಿನ ಮರಳ ಕಿನಾರೆ ಪೂರ್ತಿ ಮಾಯವಾದುದು ನಿಜಕ್ಕೂ ನೋವಿನ ಸಂಗತಿ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಅಲ್ಲಿ ನೀರಿನಡಿಯಲ್ಲಿ ರೀಫ್ ಎಂಬ ಬೆಣೆಯಾಕಾರದ ಕೃತಕ ದಿಬ್ಬ ಇಟ್ಟು, ಅಲೆಯನ್ನು ಕಡಲಿನೊಳಗೇ ಒಡೆಸಿ, ಕಿನಾರೆಯ ಒಂದು ಭಾಗವನ್ನು ಮರಳಿ ತಂದದ್ದು 2018ರ ಹೊತ್ತಿಗೆ. ಇದಕ್ಕೆ ಪ್ರತಿಯಾಗಿ ವಿಶಾಖಪಟ್ಟಣದಲ್ಲಿ, 1930ರ ದಶಕದಲ್ಲಿ ಹಳೆಯ ಎರಡು ಹಡಗುಗಳನ್ನು ಮುಳುಗಿಸಿ ಬಂದರಿನ ಬಾಯಿಗೆ ಅಲೆತಡೆ ಮಾಡಿದವರು, ಅದರ ನೆರಳಿನಲ್ಲಿ ನಿಲ್ಲುವ ಮರಳನ್ನು ಡ್ರೆಜರ್‌ಗಳಿಂದ ಎತ್ತಿ ಆಚೆಯ ಬೀಚಿಗೆ ಹಾಕುವ ಕ್ರಮವನ್ನೂ ಜೊತೆಗೇ ಬೆಳೆಸಿಕೊಂಡರು. ತಡೆದ ಮರಳನ್ನು ತಲುಪಬೇಕಾದ ಕಡೆಗೆ ತಲುಪಿಸುವ ಹೊಣೆ ತಡೆದವರದೇ ಎಂಬ ಈ ತಿಳಿವಳಿಕೆ, ಕರಾವಳಿ ಎಂಜಿನಿಯರಿಂಗಿನ ಯಾವ ಸೂತ್ರಕ್ಕಿಂತಲೂ ಹೆಚ್ಚಿನದು.

ಕರ್ನಾಟಕದ ಕರಾವಳಿಯ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದುದು. ಸುಮಾರು 300 ಕಿಲೋಮೀಟರ್ ಉದ್ದದ ಈ ತಡಿಯಲ್ಲಿ ಮರಳು ಋತುವಿಗೆ ಅನುಸಾರವಾಗಿ ಅತ್ತಲೂ ಇತ್ತಲೂ ಚಲಿಸುವುದರಿಂದ, ಪೂರ್ವ ಕರಾವಳಿಯಂತೆ ಒಂದೇ ದಿಕ್ಕನ್ನು ನೆಚ್ಚಿ ಯೋಜನೆ ಹಾಕಲು ಬರುವುದಿಲ್ಲ. ಘಟ್ಟದಿಂದ ಇಳಿದುಬರುವ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಯಂತಹ ನದಿಗಳು ಮಳೆಗಾಲದಲ್ಲಿ ತಂದು ಹಾಕುವ ಮರಳೇ ಕಿನಾರೆಗಳ ಮುಖ್ಯ ಆದಾಯ. ಅಣೆಕಟ್ಟುಗಳೂ ನದಿಪಾತ್ರದ ಮರಳುಗಾರಿಕೆಯೂ ಆ ಆದಾಯವನ್ನು ಕಡಿತಗೊಳಿಸುತ್ತವೆ. ಇನ್ನೊಂದೆಡೆ, ಮುಂಗಾರಿನ ಎತ್ತರದ ಅಲೆಗಳು ಕಿನಾರೆಯ ಮರಳನ್ನು ಕೊರೆದು ಒಯ್ದು ಸ್ವಲ್ಪ ದೂರದಲ್ಲಿ ನೀರಿನಡಿಯ ದಿಬ್ಬವಾಗಿ ಇರಿಸುತ್ತವೆ, ಮಳೆ ನಿಂತ ಮೇಲಿನ ತಗ್ಗಾದ ಉದ್ದನೆಯ ಅಲೆಗಳು ಅದೇ ಮರಳನ್ನು ನಿಧಾನವಾಗಿ ದಡಕ್ಕೆ ಮರಳಿಸುತ್ತವೆ. ಜುಲೈ ತಿಂಗಳಿನಲ್ಲಿ ಕಾಣುವ ಕಡಲ್ಕೊರೆತವೆಲ್ಲ ಶಾಶ್ವತ ನಷ್ಟವಲ್ಲ. ಜನವರಿಗೂ ಮರಳದೆ ಹೋದದ್ದು ಎಷ್ಟು ಎಂಬುದೇ ಮುಖ್ಯ ಪ್ರಶ್ನೆ, ಅದಕ್ಕೆ ಉತ್ತರ ಹೇಳಬೇಕಾದರೆ ಒಂದೇ ಜಾಗದ ಅಳತೆ ವರ್ಷ ವರ್ಷವೂ ಎರಡೂ ಕಾಲದಲ್ಲಿ ಕೈಯಲ್ಲಿರಬೇಕು.

ಆ ಅಳತೆಗಳಿಲ್ಲದ ಕಡೆ ನಡೆಯುವುದೇನೆಂಬುದು ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ತೆಂಗಿನ ಮರಗಳು ಉರುಳಿ, ಮನೆಯ ಗೋಡೆ ಬಿರುಕು ಬಿಟ್ಟು, ರಸ್ತೆ ಕಡಲು ಪಾಲಾದಾಗ ತುರ್ತಾಗಿ ಲಾರಿಗಟ್ಟಲೆ ಕಲ್ಲು ತಂದು ಸುರಿಯಲಾಗುತ್ತದೆ. ಹೀಗೆ ಸುರಿದ ಕಲ್ಲುಗೋಡೆ ತನ್ನ ಹಿಂದಿನ ಮನೆಗೆ ಕೆಲಕಾಲ ರಕ್ಷಣೆ ಕೊಡುವುದು ನಿಜ, ಆದರೆ ಬಂದ ಅಲೆಯ ಶಕ್ತಿಯ ಒಂದು ಭಾಗ ಗೋಡೆಗೆ ಬಡಿದು ಹಿಂದಿರುಗುವಾಗ ಬುಡದ ಮರಳನ್ನು ಎಬ್ಬಿಸಿ ಒಯ್ಯುವುದರಿಂದ ಮುಂದಿನ ಕಿನಾರೆ ತಗ್ಗುತ್ತದೆ, ಕಲ್ಲುಗಳು ಆ ತಗ್ಗಿಗೆ ಜಾರುತ್ತವೆ, ಗೋಡೆಯ ಎರಡು ತುದಿಗಳಲ್ಲಿ ಕೊರೆತ ಹೊಸದಾಗಿ ಹುಟ್ಟುತ್ತದೆ. ನಾಡದೋಣಿ ಎಳೆದಿಡಲು, ಬಲೆ ಹರವಲು, ಮೀನು ಒಣಗಿಸಲು ಇದ್ದ ಜಾಗವೂ ಇಲ್ಲವಾಗುತ್ತದೆ. ಮಂಗಳೂರಿನ ಬಳಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಬಾಗಿಲಿಗೆ ಬೆಂಗ್ರೆ ಮತ್ತು ಉಳ್ಳಾಲದ ಕಡೆಯಿಂದ ಬ್ರೇಕ್‌ವಾಟರ್‌ಗಳನ್ನು, ಎಂದರೆ ಅಲೆಯನ್ನು ತಡೆದು ದೋಣಿಗಳಿಗೆ ದಾರಿ ಸುಗಮಗೊಳಿಸುವ ಕಲ್ಲಿನ ದಂಡೆಗಳನ್ನು, ಕಟ್ಟಿದ ಮೇಲೆ ಉಳ್ಳಾಲದ ತಡಿಯ ಕೊರೆತ ಜನರ ನಿತ್ಯದ ಚಿಂತೆಯಾಗಿ ಬೆಳೆಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಅಲ್ಲಿ ಕಡಲಿನೊಳಗೆ ರೀಫ್‌ಗಳನ್ನೂ ದಡಕ್ಕೆ ಹತ್ತಿರದಲ್ಲಿ ಬರ್ಮ್ ಎಂಬ ಗಿಡ್ಡ ದಂಡೆಗಳನ್ನೂ ಕಟ್ಟಲಾಯಿತು. ಇವು ತಮ್ಮ ಎದುರಿನ ತಡಿಗೆ ಏನು ಮಾಡುತ್ತವೆ, ದಕ್ಷಿಣದ ನೆರೆಯ ಊರುಗಳಿಗೆ ಏನು ಮಾಡುತ್ತವೆ ಎಂಬುದನ್ನು ಕಾಮಗಾರಿ ಮುಗಿದ ನಂತರದ ಎರಡು ಮೂರು ಮಳೆಗಾಲಗಳ ಮಾಹಿತಿಯಿಂದ ನಿರ್ಧರಿಸಲಾಗದು. ಕನಿಷ್ಠ ಒಂದೂವರೆ ದಶಕದ ದಾಖಲೆ ಬೇಕು.

ರಾಷ್ಟ್ರಮಟ್ಟದಲ್ಲಿ ಇಂತಹ ದಾಖಲೆಯ ಒಂದು ರೂಪ ಈಗ ಲಭ್ಯವಿದೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನೂ ಸ್ಥಳದ ಅಳತೆಗಳನ್ನೂ ಬಳಸಿ ಮಾಡಿದ ಅಧ್ಯಯನದ ಪ್ರಕಾರ, ದೇಶದ ಮುಖ್ಯಭೂಮಿಯ ಕರಾವಳಿಯ ಸುಮಾರು ಮೂರನೆಯ ಒಂದು ಭಾಗ ಕೊರೆತಕ್ಕೆ ಒಳಗಾಗಿದೆ, ಕಾಲು ಭಾಗಕ್ಕೆ ತುಸು ಹೆಚ್ಚಿನ ತಡಿ ಬೆಳೆದಿದೆ, ಉಳಿದದ್ದು ಸ್ಥಿರವಾಗಿದೆ. ಉಪಗ್ರಹಕ್ಕೆ ಕಾಣುವುದು ಮುಖ್ಯವಾಗಿ ನೆಲ ಮತ್ತು ನೀರು ಸಂಧಿಸುವ ಗೆರೆ. ಆ ಗೆರೆಯ ಆಚೆ ನೀರಿನಡಿಯಲ್ಲಿ ಮರಳು ಎಷ್ಟಿದೆ, ಅದು ಎತ್ತ ಹೊರಟಿದೆ ಎಂಬುದನ್ನು ಅರಿಯಲು ತಡಿಗೇ ಹೋಗಿ ಅಳೆಯುವವರು ಬೇಕು.

ವಿಷಯದ ಇನ್ನೊಂದು ಅರ್ಧ ಪ್ರಯೋಗಾಲಯದಲ್ಲಿದೆ. ಬ್ರೇಕ್‌ವಾಟರಿನ ಹೊರಮೈಗೆ ಹೊದಿಸುವ ಕಲ್ಲು ಎಷ್ಟು ಭಾರವಿರಬೇಕು ಎಂಬುದಕ್ಕೆ ಸ್ಪೇನಿನ ರಮೋನ್ ಇರಿಬಾರೆನ್ 1938ರಲ್ಲಿ ಒಂದು ಸೂತ್ರ ಕೊಟ್ಟರು, ಅಮೆರಿಕದ ರಾಬರ್ಟ್ ಹಡ್ಸನ್ 1950ರ ದಶಕದಲ್ಲಿ ನೂರಾರು ಪ್ರಯೋಗಗಳ ಆಧಾರದಿಂದ ಅದನ್ನು ಪರಿಷ್ಕರಿಸಿದರು. ಆ ಸೂತ್ರದಂತೆ ಕಲ್ಲಿನ ತೂಕ ಅಲೆಯೆತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ: ಎರಡು ಮೀಟರ್ ಅಲೆಗೆ ಒಂದು ಟನ್ ಕಲ್ಲು ಸಾಕಾಗುವ ಕಡೆ ನಾಲ್ಕು ಮೀಟರ್ ಅಲೆಗೆ ಎಂಟು ಟನ್ ಬೇಕು. ಅಷ್ಟು ದೊಡ್ಡ ಕಲ್ಲು ಕ್ವಾರಿಗಳಲ್ಲಿ ಸಿಗುವುದು ಕಷ್ಟವಾದ್ದರಿಂದಲೇ, ಮುಂಬಯಿಯ ಮರೀನ್ ಡ್ರೈವಿನಲ್ಲಿ ಎಲ್ಲರೂ ನೋಡಿರುವ ನಾಲ್ಕು ಕಾಲಿನ ಟೆಟ್ರಾಪಾಡ್‌ನಂತಹ ಕಾಂಕ್ರೀಟ್ ಗುಂಡುಗಳು ಬಳಕೆಗೆ ಬಂದವು. ಅದನ್ನು ರೂಪಿಸಿದ್ದು 1950ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಪ್ರಯೋಗಾಲಯ.

ಇಂತಹ ರಚನೆಗಳನ್ನು ಕಡಲಿಗೆ ಇಳಿಸುವ ಮುನ್ನ ಅಲೆ ಎಬ್ಬಿಸುವ ಉದ್ದನೆಯ ನೀರಿನ ತೊಟ್ಟಿಯಲ್ಲಿ ಚಿಕ್ಕ ಮಾದರಿ ಕಟ್ಟಿ ಪರೀಕ್ಷಿಸುತ್ತಾರೆ. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಸುರತ್ಕಲ್ಲಿನ ಕಡಲ ತಡಿಯಲ್ಲಿಯೇ ಸ್ಥಾಪನೆಯಾದ, ಇಂದಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಸುಮಾರು 50 ಮೀಟರ್ ಉದ್ದದ ಅಂತಹ ತೊಟ್ಟಿಯಿದ್ದು, ಅನ್ವಯಿಕ ಯಂತ್ರಶಾಸ್ತ್ರ ಮತ್ತು ಜಲಶಾಸ್ತ್ರ ಎಂದು ಹೆಸರಿದ್ದ ವಿಭಾಗ ಈಗ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗವಾಗಿದೆ. ಮಾದರಿಯನ್ನು ನಿಜದ ಮೂವತ್ತನೆಯ ಒಂದರಷ್ಟು ಅಳತೆಯಲ್ಲಿ ಕಟ್ಟಿದರೆ, ಮೂರು ಮೀಟರಿನ ಅಲೆ ಹತ್ತು ಸೆಂಟಿಮೀಟರ್ ಆಗುತ್ತದೆ, ಮೂವತ್ತು ಟನ್ನಿನ ಗುಂಡು ಒಂದು ಕಿಲೋಗ್ರಾಮಿಗೆ ತುಸು ಮೇಲಾಗುತ್ತದೆ, ಕಾಲ ಮಾತ್ರ ಮೂವತ್ತರ ವರ್ಗಮೂಲದ ಪ್ರಮಾಣದಲ್ಲಿ ಕುಗ್ಗುವುದರಿಂದ ಹತ್ತು ಸೆಕೆಂಡಿನ ಅಲೆ ಎರಡು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಅವಧಿಯದಾಗುತ್ತದೆ. ಹೀಗೆ ಎಲ್ಲವನ್ನೂ ಕುಗ್ಗಿಸುವಾಗ ಕಾಂಕ್ರೀಟಿನ ಗಟ್ಟಿತನವೊಂದು ಕುಗ್ಗದೆ ಉಳಿಯುತ್ತದೆ ಎಂಬುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಪೋರ್ಚುಗಲ್ಲಿನ ಸಿನೆಸ್ ಬಂದರು ಸಾಕ್ಷಿ. ಅಲ್ಲಿನ ಆಳ ನೀರಿನ ಬ್ರೇಕ್‌ವಾಟರಿಗೆ ತಲಾ 42 ಟನ್ ತೂಕದ, ಡೋಲೋಸ್ ಎಂಬ ನೀಳ ತೋಳುಗಳ ಗುಂಡುಗಳನ್ನು ಹೊದಿಸಲಾಗಿತ್ತು. ಕೆಲಸ ಮುಗಿಯುವ ಹಂತದಲ್ಲಿದ್ದಾಗ, 1978ರ ಫೆಬ್ರುವರಿಯ ಬಿರುಗಾಳಿಯಲ್ಲಿ ಅವುಗಳ ಬಹುಭಾಗ ನಾಶವಾಯಿತು. ತೊಟ್ಟಿಯಲ್ಲಿ ಅಲುಗಾಡಿ ಸುರಕ್ಷಿತವಾಗಿ ನಿಲ್ಲುತ್ತಿದ್ದ ಗುಂಡುಗಳು ಕಡಲಿನಲ್ಲಿ ಅಲುಗಾಡಿದಾಗ ತೋಳು ಮುರಿದುಕೊಂಡಿದ್ದವು. ತನ್ನ ಪ್ರಯೋಗ ಎಲ್ಲಿಯವರೆಗೆ ಸತ್ಯ ಹೇಳುತ್ತದೆ, ಎಲ್ಲಿಂದಾಚೆ ಹೇಳುವುದಿಲ್ಲ ಎಂಬ ಈ ವಿವೇಕವನ್ನು ವಿದ್ಯಾರ್ಥಿಗಳಿಗೆ ದಾಟಿಸುವುದು ಅಧ್ಯಾಪಕರ ಬೋಧನೆಯ ತಿರುಳಾಗಬೇಕು.

ಹುದ್ದೆಯ ಹೆಸರಿನಲ್ಲಿರುವ ಸಾಗರ ಎಂಬ ಭಾಗ ದಡದಿಂದ ದೂರದ ನೀರಿಗೆ ಸಂಬಂಧಿಸಿದ್ದು. 1974ರಲ್ಲಿ ಪತ್ತೆಯಾದ ಬಾಂಬೆ ಹೈ ತೈಲಕ್ಷೇತ್ರದಂತಹ ಕಡೆ ನೀರಿನಲ್ಲಿ ನಿಲ್ಲಿಸುವ ಉಕ್ಕಿನ ಕಂಬಗಳ ಮೇಲೆ ಅಲೆ ಹಾಕುವ ಬಲವನ್ನು, 1950ರಲ್ಲಿ ಬರ್ಕ್ಲಿಯ ಸಂಶೋಧಕರು ರೂಪಿಸಿದ, ಮಾರಿಸನ್ ಸಮೀಕರಣವೆಂದು ಹೆಸರಾದ ಲೆಕ್ಕದಿಂದ ಇಂದಿಗೂ ಅಂದಾಜು ಮಾಡುತ್ತಾರೆ. ನಾಲ್ಕು ಸಾವಿರ ಮೀಟರ್ ಆಳದ ನೀರಿನಲ್ಲಿ ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುವ ಸುನಾಮಿಯ ಅಧ್ಯಯನವೂ ಈ ಶಾಖೆಗೆ ಸೇರಿದೆ. 2004ರ ಡಿಸೆಂಬರ್ 26ರ ಸುನಾಮಿ ದುರಂತದ ನಂತರ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆಯಲ್ಲಿ 2007ರಲ್ಲಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಕಡಲ ಗಾಳಿಯಿಂದ ವಿದ್ಯುತ್ ತೆಗೆಯುವ ಗೋಪುರಗಳು, ತೇಲುವ ರಚನೆಗಳು, ತಳದಲ್ಲಿ ಹಾಯುವ ಕೊಳವೆಗಳು ಮುಂದಿನ ದಶಕಗಳ ವಿಷಯಗಳು.

ಇಷ್ಟನ್ನೂ ಒಬ್ಬರೇ ಬಲ್ಲವರಾಗಿರಬೇಕೆಂದು ಯಾರೂ ನಿರೀಕ್ಷಿಸಲಾರರು. ಭಾರತದಲ್ಲಿ ಈ ವಿಷಯದ ಅಭ್ಯರ್ಥಿಗಳು ಮುಖ್ಯವಾಗಿ ಬರುವುದು ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗ, ಖರಗಪುರದ ಐಐಟಿ, ಸುರತ್ಕಲ್ಲಿನ ಸಂಸ್ಥೆಯಂತಹ ಕೆಲವೇ ಕೇಂದ್ರಗಳಿಂದ. 1916ರಲ್ಲಿ ಆರಂಭವಾದ, ಈಗ ಪುಣೆಯ ಬಳಿಯ ಖಡಕ್ವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿಯೂ, 1966ರಲ್ಲಿ ಆರಂಭವಾದ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿಯೂ ಅನುಭವ ಪಡೆದವರು ಉಂಟು. ಆಯ್ಕೆ ಸಮಿತಿಯ ಮುಂದೆ ಅಭ್ಯರ್ಥಿಗಳನ್ನು ತೂಗುವಾಗ ಪ್ರಕಟವಾದ ಪ್ರಬಂಧಗಳ ಸಂಖ್ಯೆ ಮತ್ತು ಅವುಗಳಿಗೆ ದೊರೆತ ಉಲ್ಲೇಖಗಳು ಸುಲಭದ ಮಾನದಂಡವಾಗುತ್ತವೆ. ಕಂಪ್ಯೂಟರ್ ಮಾದರಿಗಳ ಮೇಲೆ ಕೆಲಸ ಮಾಡಿದವರಿಗೆ ವರ್ಷಕ್ಕೆ ಹಲವು ಪ್ರಬಂಧ ಬರೆಯುವುದು ಸಾಧ್ಯ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಎಂದು ತಡಿ ಅಳೆಯುವವರ ಕೈಗೆ ಒಂದು ಒಳ್ಳೆಯ ಪ್ರಬಂಧಕ್ಕೆ ಬೇಕಾದ ಸಾಮಗ್ರಿ ಕೂಡಿಬರಲು ಐದಾರು ವರ್ಷ ಹಿಡಿಯುತ್ತದೆ. ಮಾದರಿಗಳು ಬೇಡವೆಂದಲ್ಲ, ಅವಿಲ್ಲದೆ ಇಂದು ಯಾವ ಬಂದರನ್ನೂ ಯೋಜಿಸಲಾಗುವುದಿಲ್ಲ. ಆದರೆ ಮಾದರಿ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಬೇಕಾದ ಅಳತೆಗಳನ್ನು ಸಂಪಾದಿಸುವವರಿಗೆ ಆಯ್ಕೆಯ ಹಂತದಲ್ಲಿಯೇ ಹಿನ್ನಡೆಯಾಗುವಂತಿರಬಾರದು. ಅಲ್ಪಾವಧಿಯ ಗುತ್ತಿಗೆಯ ಮೇಲೆ ನೇಮಕವಾದವರಿಂದ ದಶಕಗಳ ದಾಖಲೆಯನ್ನು ಬಯಸುವುದೂ ನ್ಯಾಯವಲ್ಲ. ಈ ಶಾಖೆಯ ಹುದ್ದೆಗಳು ಕಾಯಂ ಆಗಿರಬೇಕೆಂಬ ವಾದಕ್ಕೆ ನೌಕರಿಯ ಭದ್ರತೆಗಿಂತಲೂ ಬಲವಾದ ಕಾರಣ ಕಡಲೇ ಕೊಡುತ್ತದೆ.

ಕರಾವಳಿಯ ಸಂಸ್ಥೆಯೊಂದಕ್ಕೆ ಹೊಸದಾಗಿ ಬರುವ ಅಧ್ಯಾಪಕರು ಮೊದಲ ವರ್ಷದಲ್ಲಿ ಮಾಡಬಹುದಾದ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಹತ್ತಿರದ ಅಳಿವೆಯ ಎರಡೂ ಬದಿಗಳಲ್ಲಿ ಐದೈದು ಕಿಲೋಮೀಟರ್ ತಡಿಯನ್ನು ಆರಿಸಿ, ಅಲೆಗೆ ಸಿಗದಷ್ಟು ಒಳಗೆ ಅಲ್ಲಲ್ಲಿ ಕಾಂಕ್ರೀಟಿನ ಗುರುತುಗಲ್ಲುಗಳನ್ನು ನೆಟ್ಟು, ಪ್ರತಿಯೊಂದರಿಂದ ಇಳಿತದ ನೀರಿನ ಅಂಚಿನವರೆಗೆ ನೆಲದ ಏರಿಳಿತವನ್ನು ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ವಿದ್ಯಾರ್ಥಿಗಳಿಂದ ಅಳೆಸಿ ದಾಖಲಿಸುವುದು ಅದರ ಮೊದಲ ಹಂತ. ಅಳಿವೆ ಯಾವ ವರ್ಷ ಎತ್ತ ಸರಿಯಿತು, ಹೂಳಿನ ದಿಬ್ಬ ಎಲ್ಲಿ ಎದ್ದಿತು, ಯಾವ ಮಳೆಗಾಲದಲ್ಲಿ ಎಷ್ಟು ಸಾಲು ತೆಂಗು ಹೋಯಿತು ಎಂಬುದು ಆಯಾ ಊರಿನ ಹಿರಿಯ ಮೊಗವೀರರಿಗೂ ಖಾರ್ವಿಗಳಿಗೂ ನೆನಪಿರುತ್ತದೆ. ಅದನ್ನು ತಾರೀಖು ಮತ್ತು ಜಾಗದೊಂದಿಗೆ ಬರೆದಿಟ್ಟುಕೊಂಡರೆ, ಉಪಗ್ರಹ ಚಿತ್ರಗಳಿಗೂ ಹಿಂದಿನ ಕಾಲದ ಮಾಹಿತಿ ಲೆಕ್ಕಕ್ಕೆ ಸೇರುತ್ತದೆ. ಈ ಅಳತೆಗಳು ಬಂದರು ಇಲಾಖೆಗೂ ಗ್ರಾಮ ಪಂಚಾಯಿತಿಗೂ ಕೇಳಿದೊಡನೆ ಸಿಗುವಂತಿರಬೇಕು, ಹಾಗೂ ಅಧ್ಯಾಪಕರು ನಿವೃತ್ತರಾದಾಗ ವಿಭಾಗದ ಆಸ್ತಿಯಾಗಿ ಮುಂದಿನವರ ಕೈಗೆ ಹೋಗುವಂತಿರಬೇಕು. ಮುಂದಿನ ಸಲ ಅಲ್ಲಿ ಬ್ರೇಕ್‌ವಾಟರನ್ನು ಉದ್ದ ಮಾಡುವ ಪ್ರಸ್ತಾವ ಬಂದಾಗ, ಪರಿಣಾಮದ ವರದಿ ಬರೆಯುವವರು ಒಂದು ಋತುವಿನ ಸಮೀಕ್ಷೆಯ ಬದಲು ಈ ಸರಣಿಯಿಂದಲೇ ಕೆಲಸ ಆರಂಭಿಸಬಹುದು.